ಭಾವನ ಒಂದಿಂಚು

ಪ್ರಪಂಚದಲ್ಲಿ ನಮ್ಮ ಭಾವನಿಗಿಂತ ಕರಾರುವಾಕ್ಕಾದ ಮನುಷ್ಯ ಇನ್ನೊಬ್ಬನಿದ್ದರೆ ದಯವಿಟ್ಟು ಅವನ ಹೆಂಡತಿಯ ವಿಳಾಸ ಕಳಿಸಿಕೊಡಿ. ನಮ್ಮಕ್ಕ ಆಕೆಗೊಂದು ಸಂತಾಪದ ಪತ್ರ ಬರೆಯಬೇಕೆಂದು ಬಹಳ ದಿನದಿಂದ ಕಾಯುತ್ತಿದ್ದಾಳೆ!

ಭಾವ ಹುಬ್ಬಳ್ಳಿಯವರು. ಈಗ ಅಮೆರಿಕದ ಕ್ಯಾಂಟನ್ನಿನಲ್ಲಿ ಮನೆ, ಹತ್ತಿರದಲ್ಲೇ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಎಂಜಿನಿಯರ್ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಇಡೀ ಲಾಟನ್ನು ವಾಪಸ್ಸು ಕಳಿಸುವ ಆಸಾಮಿ. ಕಾರ್ಖಾನೆಯಲ್ಲಿ ಅದು ಸದ್ಗುಣ, ಒಪ್ಪೋಣ. ಮನೆಯಲ್ಲಿ? ಒಮ್ಮೆ ನಾನು ನನ್ನೂರು ಶಾಮ್‌ಬರ್ಗಿನಿಂದ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಹಸಿದು ಹೋದರೆ, ಭಾವ ಕ್ಯಾಲಿಪರ್ ಹಿಡಿದು ದೋಸೆಯ ದಪ್ಪ ಅಳೆಯುತ್ತಿದ್ದರು.

"ನಡುವ ಮೂರು ಮಿಲಿಮೀಟರ್, ಅಂಚಿಗೆ ಒಂದೂವರಿ. ಹಂಚು ಸೊಟ್ಟ ಅದ ನೋಡಪಾ."

"ಡ್ಯಾಡ್, ಇಟ್ಸ್ ಜಸ್ಟ್ ಅ ದೋಸಾ!" ಎಂದು ಮಗಳು ಕಿರುಚಿದಳು. ಅಕ್ಕ ಆ ಸ್ಯಾಂಪಲ್ಲನ್ನು ಎತ್ತಿ ನನ್ನ ತಟ್ಟೆಗೆ ಹಾಕಿದಳು. ರುಚಿಯಲ್ಲಿ ಯಾವ ದೋಷವೂ ಕಂಡುಬರಲಿಲ್ಲ.

ಇಂಥ ಮನುಷ್ಯ ಕಳೆದ ಬೇಸಿಗೆಯಲ್ಲಿ ಬೇಟೆಯ ರೈಫಲ್ ಕೊಂಡರು! ಕಾರ್ಖಾನೆಯ ಗೆಳೆಯರು ಪ್ರತಿ ನವೆಂಬರಿನಲ್ಲೂ ಅಪ್ ನಾರ್ತ್, ಅಂದರೆ ಉತ್ತರದ ಕಾಡುಗಳಿಗೆ, ಹೋಗಿ ಜಿಂಕೆ ಹೊಡೆಯುತ್ತಾರೆ. ಈ ಸಲ ಭಾವನನ್ನೂ ಕರೆದಿದ್ದರು. ನಾನು ನಕ್ಕರೂ ಅವರು ನಗಲಿಲ್ಲ.

"ನಾ ಮಟನ್ ತಿಂತೀನಿ ಹೌದಲ್ಲೋ? ಪ್ಲಾಸ್ಟಿಕ್‌ನ್ಯಾಗ ಸುತ್ತಿ ಕೊಟ್ರ ಪಾಪ ಇಲ್ಲ, ನಾನ ಹೊಡದ್ರ ಪಾಪ ಅಂದ್ರ ಹೆಂಗ? ಜೀವನದಾಗ ಒಮ್ಮೆರ ಅದರ ಮುಖಾ ನೋಡಿ ತಿನ್ನಬೇಕು."

ಅಕ್ಕನ ಬಳಿ ಒಂದು ಷರತ್ತಿತ್ತು. "ಹೊಡೆಯೋದಾದ್ರೆ ಒಂದೇ ಏಟಿಗೆ ಬೀಳ್ಬೇಕು ಕಣ್ರೀ. ಗಾಯ ಮಾಡ್ಕೊಂಡು ಓಡಿಹೋಗಿ ಅದು ಎಲ್ಲೋ ನರಳ್ತಾ ಸಾಯೋ ಹಾಗಾದ್ರೆ ನನಗೆ ಮುಖ ತೋರಿಸ್ಬೇಡಿ." ಭಾವ ಮಾತು ಕೊಟ್ಟರು. ಅವರು ಮಾತು ಕೊಡುವುದು ಅಪರೂಪ, ತಪ್ಪುವುದು ಇಲ್ಲವೇ ಇಲ್ಲ.

ಹಾಗಾದರೆ ರೈಫಲ್ಲಿಗೆ ನಿಖರತೆ ಎಷ್ಟಿರಬೇಕು? ಭಾವ ವಾರಗಟ್ಟಲೆ ಓದಿ ತೀರ್ಪು ಕೊಟ್ಟರು: ನೂರು ಗಜ ದೂರದ ಕಾಗದಕ್ಕೆ ಐದು ಗುಂಡು ಹೊಡೆದರೆ ಐದೂ ಒಂದಿಂಚಿನೊಳಗೆ ಬೀಳಬೇಕು. ಬಿದ್ದದ್ದು ಐದಿಂಚಿನಗಲಕ್ಕೆ! ಸರಿ, ಗುಂಡಿನ ತಪ್ಪು ಎಂದರು. ನಾಲ್ಕು ಬಗೆಯ ಗುಂಡು ತಂದರು. ಐದಿಂಚು. ರೈಫಲ್ ಮೇಲಿನ ದುರ್ಬೀನಿನ ತಪ್ಪು ಎಂದು ಅದನ್ನೂ ಬದಲಾಯಿಸಿದರು. ಐದೂವರೆ! ಸ್ಕ್ರೂಗಳನ್ನು ಬಿಚ್ಚಿ, ಕಾರ್ಖಾನೆಯ ಪದ್ಧತಿಯಂತೆ ಅಳೆದು ಬಿಗಿದರು. ಮತ್ತೆ ಐದು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಾನು ಫೋನಿನಲ್ಲಿ ಛೇಡಿಸಿದೆ. ಭಾವ ಫೋನ್ ಇಟ್ಟುಬಿಟ್ಟರು. ಲೈನ್ ಕಟ್ಟಾಯಿತೆಂದುಕೊಂಡೆ.

ಅಕ್ಟೋಬರಿನಲ್ಲಿ ಕ್ಯಾಂಟನ್ನಿಗೆ ಹೋದಾಗ ನನ್ನನ್ನೂ ಗುರಿ ಅಭ್ಯಾಸದ ಮೈದಾನಕ್ಕೆ ಕರೆದುಕೊಂಡು ಹೋದರು. ಅಲ್ಲೊಬ್ಬ ಬಿಳಿ ಗಡ್ಡದ ಅಜ್ಜ ಉಸ್ತುವಾರಿ. ಭಾವನ ಕಾಗದಗಳನ್ನು ನೋಡಿ ನೋಡಿ ಅವನಿಗೂ ಸಾಕಾಗಿತ್ತು. "ಜಿಂಕೆಯ ಎದೆಯಲ್ಲಿ ಗುಂಡು ಬೀಳಬೇಕಾದ ಜಾಗ ತಿಂಡಿ ತಟ್ಟೆಯಷ್ಟು ಅಗಲ ಇರುತ್ತೆ. ಜಿಂಕೆ ಏನು ಇಂಚುಪಟ್ಟಿ ಹಿಡ್ಕೊಂಡು ಬರುತ್ತಾ? ಮೂರಿಂಚು ಬಂದರೆ ಧಾರಾಳ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನೀನೊಮ್ಮೆ ಹೊಡಿ" ಎಂದ.

ನಾನೋ, ದಸರಾ ವಸ್ತುಪ್ರದರ್ಶನದಲ್ಲಿ ಬಲೂನಿಗೆ ಹೊಡೆದು ಅಂಗಡಿಯವನ ಹಣೆಯಲ್ಲಿ ಬೆವರು ಬರಿಸಿದವನು! ಅಜ್ಜ ಮರಳಿನ ಚೀಲದ ಮೇಲೆ ರೈಫಲ್ ಇಟ್ಟು, ಉಸಿರು ಬಿಡುವುದನ್ನೂ ಬೆರಳು ಒತ್ತುವುದನ್ನೂ ಹೇಳಿಕೊಟ್ಟ. ಕಣ್ಣು ಮುಚ್ಚಬಾರದೆಂದು ದೇವರಲ್ಲಿ ಬೇಡಿಕೊಂಡು ಐದು ಹೊಡೆದೆ. ಭಾವ ಹೋಗಿ ಕಾಗದ ತಂದು ಅಳೆದರು. ಎರಡಿಂಚು.

ನಾನು ಕುಣಿದಾಡಿಬಿಟ್ಟೆ. "ನೋಡಿ ಭಾವ, ಬಂದೂಕು ಸರಿಯಾಗೇ ಇದೆ!" ಎಂದು ಕೂಗಿದೆ. ಕೂಗಿದ ಮೇಲೆ ನನಗೆ ನಾನು ಹೇಳಿದ್ದೇನೆಂದು ಅರ್ಥವಾಯಿತು.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಭಾವ ಹೇಳಿಕೊಡುವ ಮೊದಲ ಪಾಠವೊಂದಿದೆ. ಅಳತೆ ಸರಿಬರದಿದ್ದರೆ ಅದೇ ಉಪಕರಣವನ್ನು ಬೇರೆಯವರ ಕೈಗೆ ಕೊಟ್ಟು ನೋಡಿ. ತಪ್ಪು ಉಪಕರಣದ್ದೋ ಹಿಡಿದ ಕೈಯದೋ ತಿಳಿಯುತ್ತದೆ. ಮೂರು ತಿಂಗಳು ಎಲ್ಲವನ್ನೂ ಬದಲಾಯಿಸಿದ ಭಾವ ಕೈಯೊಂದನ್ನು ಬದಲಾಯಿಸಿ ನೋಡಿರಲಿಲ್ಲ. ಅವರಿಗೆ ಮರೆತಿರಲಿಲ್ಲ, ಭಯವಿತ್ತು.

ಪಾರ್ಕಿಂಗಿನಲ್ಲಿ ಕಾರು ಸ್ಟಾರ್ಟ್ ಮಾಡದೆ ಬಲಗೈ ಚಾಚಿ ತೋರಿಸಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಯುಗಾದಿಗೆ ಸುರು ಆತು. ಡಾಕ್ಟರ್ ಕಡೆ ಹೋಗಿಲ್ಲ. ನಿಮ್ಮಕ್ಕಗ ಹೇಳಬ್ಯಾಡ."

"ಮತ್ತೆ ಬೇಟೆ?"

"ಕೈ ಹಿಂಗದ ಅಂತ ಗೊತ್ತಾತಲ್ಲ, ಇನ್ನ ಅಳದು ನೋಡೂಣು."

ಮುಂದಿನ ಶನಿವಾರ ಕಾಗದವನ್ನು ಹತ್ತತ್ತು ಗಜ ಹತ್ತಿರ ತರುತ್ತ ಬಂದರಂತೆ. ಐವತ್ತು ಗಜಕ್ಕೆ ತಂದಾಗ ಐದೂ ಗುಂಡು ಮೂರಿಂಚಿನೊಳಗೆ ಬಿದ್ದವಂತೆ. "ಐವತ್ತು ಗಜ, ಇಷ್ಟ ನಂದು" ಎಂದು ಫೋನಿನಲ್ಲಿ ಹೇಳಿದರು. ಬಂದೂಕಿಗೆ ಎಷ್ಟು ನಿಖರತೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರವನ್ನು ನಾನು ಕೇಳಿಲ್ಲ. ಹಿಡಿದವನ ಕೈಗಿಂತ ಒಂಚೂರು ಹೆಚ್ಚಿದ್ದರೆ ಆಯಿತು. ಉಳಿದದ್ದೆಲ್ಲ ಗೋಡೆಗೆ ನೇತುಹಾಕಲು ಚೆಂದ. ಕೈ ಎಷ್ಟೆಂದು ತಿಳಿದುಕೊಳ್ಳುವುದು ಮಾತ್ರ ಕಷ್ಟ. ನನ್ನದನ್ನು ನಾನಂತೂ ಯಾವತ್ತೂ ಅಳೆದಿಲ್ಲ.

ನವೆಂಬರಿನಲ್ಲಿ ಭಾವ ಹೋದರು. ಎರಡನೆಯ ದಿನ ಬೆಳಿಗ್ಗೆ ಕವಲುಕೊಂಬಿನ ಗಂಡು ಜಿಂಕೆಯೊಂದು ಎಂಬತ್ತು ಗಜ ದೂರದಲ್ಲಿ ಅಡ್ಡಲಾಗಿ ನಿಂತಿತಂತೆ. ಗೆಳೆಯರು ಜನ್ಮದಲ್ಲಿ ಒಮ್ಮೆ ಸಿಗುವ ಅವಕಾಶ ಎನ್ನುವಂಥದ್ದು. ಭಾವ ಅದರ ಮುಖವನ್ನು ಚೆನ್ನಾಗಿ ನೋಡಿ, ರೈಫಲ್ ಇಳಿಸಿ, ಸುಮ್ಮನೆ ಕೂತರಂತೆ. ಯಾಕೆ ಹೊಡೆಯಲಿಲ್ಲ ಎಂದವರಿಗೆ "ಮೂವತ್ತು ಗಜ ಹೆಚ್ಚಿತ್ತು" ಎಂದರಂತೆ. ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಭಾವ ಬರಿಗೈಯಲ್ಲಿ ಮರಳಿದ ಭಾನುವಾರ ನಾನು ಅಲ್ಲೇ ಇದ್ದೆ. ಅಡುಗೆಮನೆಯ ಮೇಜಿಗೆ ಕೂತು, ತಲೆ ತಗ್ಗಿಸಿ, ಅಕ್ಕನಿಗೆ ಎಲ್ಲವನ್ನೂ ಹೇಳಿದರು. ಕೈ ಚಾಚಿ ತೋರಿಸಿದರು. ಅಕ್ಕ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಗೊತ್ತು ರೀ. ಗುರುವಾರಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಹೋಗೋಣ. ಶಿವರಾತ್ರಿಯಿಂದ ನಿಮ್ಮ ಕಾಫಿ ಲೋಟನ ನಾನು ಪೂರ್ತಿ ತುಂಬಿಸ್ತಾನೇ ಇಲ್ಲ."

"ಶಿವರಾತ್ರಿ? ಸುರು ಆಗಿದ್ದು ಯುಗಾದಿಗೆ."

"ಯುಗಾದಿಗೆ ನಿಮಗೆ ಗೊತ್ತಾಯ್ತು."

ಭಾವ ಮೆಲ್ಲಗೆ, "ದಿನಾ ಅಳದು ಹಾಕ್ತಿದ್ದೇನು?" ಎಂದು ಕೇಳಿದರು.

"ಇಲ್ಲಪ್ಪ, ಕಣ್ಣಂದಾಜು" ಎಂದಳು ಅಕ್ಕ.

ಅಷ್ಟು ತಿಂಗಳಲ್ಲಿ ಆ ಕಾಫಿ ಒಂದು ಹನಿಯೂ ಚೆಲ್ಲಿರಲಿಲ್ಲ.