ಹಂಡೆಗೊಂದು ಮಂಟಪ

ಮನುಷ್ಯನಿಗೆ ಆರಿಸಿಕೊಳ್ಳುವ ಅವಕಾಶವನ್ನು ಕೊಡಲೇಬಾರದು ಎಂಬುದು ನನ್ನ ಅಭಿಪ್ರಾಯ. ಅದರಲ್ಲೂ ಇಪ್ಪತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಕೂತವನಿಗೆ ಖಂಡಿತ ಕೊಡಬಾರದು. ಅಂಗಡಿಯಲ್ಲಿ ಒಂದೇ ಬಗೆಯ ಕೊಡೆ ಇದ್ದರೆ ನಾನು ಅದನ್ನು ಕೊಂಡು ಹತ್ತು ನಿಮಿಷದಲ್ಲಿ ಮನೆಯಲ್ಲಿರುತ್ತೇನೆ. ಎರಡು ಬಗೆ ಇದ್ದರೆ ಎರಡನ್ನೂ ಬಿಚ್ಚಿ, ಮಡಿಸಿ, ಹಿಡಿ ಅಲ್ಲಾಡಿಸಿ, ಕಡ್ಡಿ ಎಣಿಸಿ, ಕಡೆಗೆ "ಯೋಚನೆ ಮಾಡಿ ಹೇಳ್ತೀನಿ" ಎಂದು ಮಳೆಯಲ್ಲಿ ನೆನೆದುಕೊಂಡು ಬರುತ್ತೇನೆ. ಕಚೇರಿಯ ಕಟಕಟೆಯ ಹಿಂದೆ ಕೂತು ಬಂದವರಿಗೆಲ್ಲ "ನಾಳೆ ಬನ್ನಿ" ಎಂದು ಹೇಳಿ ಹೇಳಿ, ನನ್ನ ಕೆಲಸಕ್ಕೂ ಅದನ್ನೇ ಹೇಳಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ. ಇದು ಗೊತ್ತಿದ್ದೂ ನಮ್ಮ ಮನೆಯಾಕೆ ಹಿತ್ತಲಿನ ನೀರೊಲೆಗೆ ಒಂದು ನೆರಳು ಮಾಡಿಸುವ ಕೆಲಸವನ್ನು ನನಗೆ ಒಪ್ಪಿಸಿದಳು. ತಪ್ಪು ಅಲ್ಲಿಂದಲೇ ಶುರುವಾಯಿತು ಎಂದು ನಾನು ಹೇಳುತ್ತೇನೆ. ಅವಳು ಬೇರೆ ಹೇಳುತ್ತಾಳೆ.

ನೀರೊಲೆ ಹಿತ್ತಲಿಗೆ ಹೋದದ್ದು ಹೇಗೆ ಎಂಬುದನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ಮುಚ್ಚಿಟ್ಟಂತಾಗುತ್ತದೆ. ಜಯನಗರದಲ್ಲಿ ನಾವು ಮನೆ ಕಟ್ಟಿದಾಗ ಸುತ್ತಮುತ್ತ ಮನೆಗಳಿಗಿಂತ ಕಳ್ಳಿ ಗಿಡಗಳೇ ಹೆಚ್ಚಾಗಿದ್ದವು. ಬಸ್ಸಿಗೆ ಒಂದು ಮೈಲಿ ನಡೆಯಬೇಕಿತ್ತು. ಅಂಥಲ್ಲಿ ನನಗೊಂದು ಓದುವ ಕೋಣೆ ಬೇಕೆನ್ನಿಸಿತು. ನಾನು ಅಂಥ ಓದುಗನೇನಲ್ಲ; ಆದರೆ ಓದುವ ಕೋಣೆ ಇದೆ ಎಂದು ನಾಲ್ಕು ಜನರಿಗೆ ಹೇಳಬಹುದಲ್ಲ! ನಕ್ಷೆಯಲ್ಲಿ ಜಾಗ ಸಾಲದೆ ಬಚ್ಚಲುಮನೆಯಿಂದ ಒಂದಿಷ್ಟು ಕತ್ತರಿಸಿದೆ. ಗೃಹಪ್ರವೇಶದ ಮಾರನೆಯ ದಿನ ಅವಳ ತವರಿನಿಂದ ಬಂದ ತಾಮ್ರದ ಹಂಡೆಯನ್ನು ನಾಲ್ಕು ಜನ ಹೊತ್ತು ತಂದರೆ, ಅದು ಬಚ್ಚಲಿನ ಬಾಗಿಲಲ್ಲಿ ಹಿಡಿಸಲಿಲ್ಲ. ಅಡ್ಡ ಹಿಡಿದರು, ಓರೆ ಹಿಡಿದರು, ನಾನು ದೂರ ನಿಂತು ಸಲಹೆ ಕೊಟ್ಟೆ. ಕಡೆಗೆ ಹಂಡೆ ಹಿತ್ತಲಲ್ಲಿ, ನನ್ನ ಓದುವ ಕೋಣೆಯ ಹಿಂಬಾಗಿಲ ಪಕ್ಕದಲ್ಲಿ, ಮೂರು ಕಲ್ಲಿನ ಮೇಲೆ ಕೂತಿತು. ಅಂದಿನಿಂದ ಆರು ವರ್ಷ, ಮಳೆ ಬಂದರೆ ಕೊಡೆ ಹಿಡಿದು ಒಲೆ ಊದುವುದು, ಬಕೆಟ್ಟಿನಲ್ಲಿ ನೀರು ಹೊತ್ತು ಒಳಗೆ ಹೋಗುವುದು, ಇದೇ ನಡೆದಿತ್ತು. ಹೊತ್ತವಳು ಅವಳೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೀಗಿರುವಾಗ ಹಾಸನದಿಂದ ಮಗಳು ಶಾಂತಾ ಮೊದಲ ಹೆರಿಗೆಗೆ ಬರುವುದಾಯಿತು. ಬಾಣಂತಿಯ ಸ್ನಾನವೆಂದರೆ ನಮ್ಮ ನಿಮ್ಮ ಎರಡು ಚೊಂಬಿನ ಸ್ನಾನವಲ್ಲ. ಎಣ್ಣೆ ಹಚ್ಚಿ ನೀವಬೇಕು, ಹಂಡೆಗಟ್ಟಲೆ ಸುಡುನೀರನ್ನು ಸೊಂಟದ ಮೇಲೆ ಬೀಸಿ ಬೀಸಿ ಹಾಕಬೇಕು, ಹಾಕುವವಳಿಗೆ ಕೈ ಬೀಸಲು ಜಾಗ ಬೇಕು, ಇಷ್ಟಾಗಿಯೂ ಮೈಗೆ ಗಾಳಿ ಸೋಕಬಾರದು. ನಮ್ಮ ಬಚ್ಚಲಿನಲ್ಲಿ ಒಬ್ಬರು ಕೂತರೆ ಇನ್ನೊಬ್ಬರ ಮೊಣಕೈಗೆ ಜಾಗವಿಲ್ಲ. "ನೋಡಿ, ನನ್ನ ಮಗಳಿಗೆ ನೀರು ಸರಿಯಾಗಿ ಬೀಳ್ದೆ ನಾಳೆ ನಡ ಹಿಡ್ಕೊಂಡ್ರೆ ಜನ್ಮಾಪೂರ್ತಿ ಅನುಭವಿಸೋಳು ಅವಳು. ಒಲೆ ಹತ್ರ ಹಿತ್ತಲಲ್ಲೇ ಒಂದು ಚಪ್ಪರ ಹಾಕಿಸ್ಬಿಡಿ, ಸುತ್ತ ತಟ್ಟಿ ಕಟ್ಟೋಣ. ನಾಲ್ಕು ಬೊಂಬು, ಒಂದಿಷ್ಟು ತೆಂಗಿನ ಗರಿ. ಅರ್ಧ ದಿನದ ಕೆಲಸ" ಎಂದಳು ಮನೆಯಾಕೆ. ಹೆರಿಗೆಗೆ ಇನ್ನೂ ಮೂರು ತಿಂಗಳಿತ್ತು. ಅರ್ಧ ದಿನದ ಕೆಲಸಕ್ಕೆ ಮೂರು ತಿಂಗಳು ಸಿಕ್ಕರೆ ಗುಮಾಸ್ತ ಸುಮ್ಮನಿರುತ್ತಾನೆಯೇ? ನಾನು ಒಂದು ಫೈಲು ತೆರೆದೆ.

ಗರಿಯ ಚಪ್ಪರವನ್ನು ಮೊದಲ ಪುಟದಲ್ಲೇ ತಳ್ಳಿಹಾಕಿದೆ. ಕೆಳಗೆ ಒಲೆ, ಮೇಲೆ ಒಣಗರಿ. ಒಂದು ಕಿಡಿ ಹಾರಿದರೆ ಗತಿಯೇನು? ತಗಡು ಹಾಕಿಸೋಣವೆಂದರೆ ಮಳೆ ಬಂದಾಗ ಆ ಸದ್ದಿಗೆ ಕೂಸು ಬೆಚ್ಚಿಬೀಳುತ್ತದೆ. ಮಂಗಳೂರು ಹೆಂಚಿಗೆ ಮರದ ಕಂಬ ಬೇಕು, ಮರ ಎಂದರೆ ಗೆದ್ದಲು. ಇಷ್ಟರಲ್ಲಿ ನನ್ನ ಪಕ್ಕದ ಮೇಜಿನ ನಂಜುಂಡಯ್ಯ ತಲೆ ಹಾಕಿದ. ಅವನಿಗೆ ಬೇರೆಯವರ ಮನೆ ಕಟ್ಟಿಸುವುದರಲ್ಲಿ ಭಾರಿ ಉತ್ಸಾಹ; ಸ್ವಂತಕ್ಕೆ ಬಾಡಿಗೆ ಮನೆ. "ಏನಯ್ಯಾ ನೀನು, ಚಪ್ಪರ ಗಿಪ್ಪರ ಅಂತೀಯ! ಲಾಲ್‌ಬಾಗಲ್ಲಿ ಬ್ಯಾಂಡ್ ಬಾರಿಸೋ ಮಂಟಪ ಇದ್ಯಲ್ಲ, ಅಂಥದ್ದು ಒಂದು ಚಿಕ್ಕದಾಗಿ ಮಾಡ್ಸು. ಬಾಣಂತನ ಮೂರು ತಿಂಗಳು. ಆಮೇಲೆ ಸಾಯಂಕಾಲ ನೀನು ಅದರಲ್ಲಿ ಕೂತ್ಕೊಂಡು ಕಾಫಿ ಕುಡೀಬಹುದು" ಎಂದ. ಆ ಮಾತು ನನ್ನ ತಲೆಯೊಳಗೆ ಹೊಕ್ಕಿತು ನೋಡಿ, ಅಲ್ಲಿಗೆ ಮುಗಿಯಿತು. ಆ ಭಾನುವಾರ ಅಳತೆ ಪಟ್ಟಿ ಹಿಡಿದು ಲಾಲ್‌ಬಾಗಿಗೆ ಹೋದೆ. ಬ್ಯಾಂಡಿನ ಮಂಟಪವನ್ನು ಸುತ್ತುಹಾಕಿ ಅಳೆಯುತ್ತಿದ್ದಾಗ ಕಾವಲುಗಾರ ಬಂದು ಏನು ಸಮಾಚಾರ ಎಂದ. ಬಾಣಂತಿ ಸ್ನಾನಕ್ಕೆ ಎಂದೆ. ಅವನು ನನ್ನನ್ನು ಗೇಟಿನ ತನಕ ಬಿಟ್ಟು ಬಂದ.

ಎರಡು ತಿಂಗಳು ಹೀಗೆ ಕಳೆದವು. ಶಾಂತಾ ಬಂದಿಳಿದಳು. ಫೈಲು ದಪ್ಪವಾಗಿತ್ತು, ಹಿತ್ತಲು ಬಯಲಾಗಿಯೇ ಇತ್ತು. ಮನೆಯಾಕೆ ಹೇಳುವುದನ್ನು ನಿಲ್ಲಿಸಿ ನನ್ನನ್ನು ಸುಮ್ಮನೆ ನೋಡತೊಡಗಿದಳು. ಅವಳು ಕೂಗಾಡಿದರೆ ನನಗೆ ಏನೂ ಅನ್ನಿಸುವುದಿಲ್ಲ. ಅವಳು ಹಾಗೆ ಸುಮ್ಮನೆ ನೋಡಿದರೆ ಊಟ ಸೇರುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಮುನಿಯಪ್ಪನವರು ಬಂದರು. ಸುದ್ದಗುಂಟೆಪಾಳ್ಯದ ಹಳೆಯ ಒಕ್ಕಲು ಅವರು. ಬಡಾವಣೆಗೆಂದು ಅವರ ಹೊಲ ಹೋಗಿತ್ತು, ಆ ಸಂಬಂಧದ ಅರ್ಜಿಗಳನ್ನೆಲ್ಲ ನಾನು ಬರೆದುಕೊಡುತ್ತಿದ್ದೆ. ಅದಕ್ಕೆ ಏನಾದರೂ ಮಾಡಬೇಕು ಎಂದು ಅವರಿಗೆ ಬಹಳ ದಿನದ ಸಂಕೋಚ. ನನ್ನ ಮಂಟಪದ ಕಥೆ ಕೇಳಿ, "ಅಯ್ಯೋ, ಇಷ್ಟೇನಾ ಸಾರ್? ನಮ್ಮ ಹಳೇ ಕೊಟ್ಟಿಗೆ ಕೆಡವ್ತಾ ಇದೀನಿ. ನಾಲ್ಕು ಕಲ್ಲುಕಂಬ, ಮೇಲಿನ ಚಪ್ಪಡಿ ಎಲ್ಲಾ ಬಿದ್ದವೆ. ನಮ್ಮ ತಾತ ಕೆರೆ ಏರಿ ಕಡೆಯಿಂದ ತಂದು ನಿಲ್ಲಿಸಿದ್ದಂತೆ. ಗಾಡೀಲಿ ಹಾಕಿ ಕಳಿಸ್ಬಿಡ್ತೀನಿ" ಎಂದರು. ಕಲ್ಲುಕಂಬ! ಕಿಡಿಯ ಭಯವಿಲ್ಲ, ಸದ್ದಿಲ್ಲ, ಗೆದ್ದಲಿಲ್ಲ. ಫೈಲಿನ ಎಲ್ಲ ಆಕ್ಷೇಪಣೆಗಳಿಗೂ ಒಂದೇ ಉತ್ತರ. ನನ್ನ ಜೀವಮಾನದಲ್ಲಿ ಅಷ್ಟು ಬೇಗ "ಆಗಲಿ" ಎಂದದ್ದು ಅದೇ ಮೊದಲು.

ಎರಡು ಗಾಡಿಗಳಲ್ಲಿ ಕಲ್ಲು ಬಂತು. ಕಂಬಗಳಿಗೆ ವರ್ಷ ವರ್ಷ ಬಳಿದ ಸುಣ್ಣ ಬೆರಳು ದಪ್ಪ ಕೂತಿತ್ತು, ಅದರ ಮೇಲೆ ಸಗಣಿಯ ಸಾರಣೆ ಬೇರೆ. ಒಂದು ಕಂಬದಲ್ಲಿ ಏನೋ ಉಬ್ಬು ಇತ್ತು. ಮೇಸ್ತ್ರಿ ಕೇಳಿದ್ದಕ್ಕೆ, "ಯಾವುದೋ ಹೂಬಳ್ಳಿ ಕೆತ್ತನೆ, ಅದು ಒಲೆ ಕಡೆಗೆ ಬರಲಿ, ಕೂತವರಿಗೆ ನೋಡೋಕೆ ಚೆನ್ನಾಗಿರುತ್ತೆ" ಎಂದು ಕಲಾರಸಿಕನ ಗತ್ತಿನಲ್ಲಿ ಹೇಳಿದೆ. ನಾಲ್ಕೇ ದಿನದಲ್ಲಿ ಮಂಟಪ ಎದ್ದು ನಿಂತಿತು. ನೋಡಲು ನಿಜಕ್ಕೂ ಚೆನ್ನಾಗಿತ್ತು. ಆ ಸಂಜೆ ಅದರ ಕೆಳಗೆ ಕೂತು ಕಾಫಿ ಕುಡಿದೆ. ಮನೆಯಾಕೆಯೂ ಬಂದು ಕಂಬ ತಟ್ಟಿ ನೋಡಿ, "ಪರವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಪರವಾಗಿಲ್ಲ ಎಂದರೆ ಬೇರೆಯವರು ಹಾರ ಹಾಕಿದ ಹಾಗೆ.

ಹೆರಿಗೆಗೆ ವಾರವಿದ್ದಾಗ ನೀರು ಹಾಕುವ ಚೌಡಮ್ಮ ಜಾಗ ನೋಡಲು ಬಂದಳು. ಪುಟ್ಟೇನಹಳ್ಳಿಯ ಈ ಮುದುಕಿಯ ಕೈಯಲ್ಲಿ ನೀರು ಹಾಕಿಸಿಕೊಂಡವರಿಗೆ ಸೊಂಟ ನೋವೇ ಇಲ್ಲವಂತೆ; ಹತ್ತು ಮನೆಯವರು ಅವಳಿಗಾಗಿ ಕಾದಿರುತ್ತಾರೆ. ಹಂಡೆ ತಟ್ಟಿದಳು, ಒಲೆ ನೋಡಿದಳು, ನೆಲ ಒರಟಾಗಿದೆಯೇ ಎಂದು ಪಾದ ಉಜ್ಜಿದಳು. ಆಮೇಲೆ ಆ ಉಬ್ಬಿನ ಕಂಬದ ಮುಂದೆ ನಿಂತು, ಸೆರಗಿನ ತುದಿ ಒದ್ದೆ ಮಾಡಿ ಉಜ್ಜತೊಡಗಿದಳು. ಸುಣ್ಣ ಹೆಕ್ಕಳೆ ಹೆಕ್ಕಳೆಯಾಗಿ ಎದ್ದು ಬಿತ್ತು.

"ಸ್ವಾಮಿ, ಇದೇನಿದು?"

"ಹೂಬಳ್ಳಿ, ಚೌಡಮ್ಮ."

"ಬಳ್ಳಿ ತುದೀಲಿ ಗಂಟೆ ಕಟ್ಟಿರ್ತದಾ?" ಎಂದು ಇನ್ನಷ್ಟು ಉಜ್ಜಿದಳು. ಬಳ್ಳಿ ಎಂದು ನಾನು ಹೇಳಿದ್ದು ಬಾಲವಾಗಿತ್ತು. ಬಾಲದ ಕೆಳಗೆ ಎತ್ತಿದ ಕೈ, ಅದರ ಕೆಳಗೆ ಉಬ್ಬಿದ ಕೆನ್ನೆ. ಚೌಡಮ್ಮ ಎರಡು ಹೆಜ್ಜೆ ಹಿಂದೆ ಸರಿದು ಕೆನ್ನೆ ಬಡಿದುಕೊಂಡಳು. "ಅಯ್ಯಯ್ಯೋ, ಆಂಜನೇಯಸ್ವಾಮಿ! ಬ್ರಹ್ಮಚಾರಿ ದೇವರ ಎದುರಿಗೆ ಹಸಿ ಬಾಣಂತಿ ಕೂರಿಸಿ ನೀರು ಹಾಕ್ಲಾ? ನನ್ ಕೈಲಾಗಕಿಲ್ಲ ಸ್ವಾಮಿ, ಏನಂದ್ರೂ ಆಗಕಿಲ್ಲ."

ನಮ್ಮ ಮನೆದೇವರು ವೀರಭದ್ರ. ಆಂಜನೇಯನಿಗೂ ನಮಗೂ ಅಲ್ಲಿಯವರೆಗೆ ದೂರದ ನಮಸ್ಕಾರವಷ್ಟೇ. ಆದರೂ ನನ್ನ ಕೈ ತಾನಾಗಿ ಮುಗಿಯಿತು. ಬಟ್ಟೆ ಕಟ್ಟಿ ಮರೆ ಮಾಡೋಣ ಎಂದೆ. "ಪರದೆ ಕಟ್ಟಿದ್ರೆ ಅವನಿಗೆ ಕಾಣಾಕಿಲ್ವಾ? ಸಮುದ್ರದಾಚೆ ಲಂಕೆ ಕಂಡೋನು!" ಎಂದಳು ಚೌಡಮ್ಮ. ಕಂಬ ತಿರುಗಿಸಲು ಮೇಸ್ತ್ರಿಗೆ ಹೇಳಿಕಳಿಸಿದೆ. "ದೇವರ ಮುಖ ಗೋಡೆಗೆ ಮಾಡೋದಾ ಸಾರ್? ನನಗೂ ಮಕ್ಕಳು ಮರಿ ಇದಾರೆ" ಎಂದು ಅವನು ಕರಣೆ ಮುಟ್ಟಲಿಲ್ಲ. ಕಂಬ ತೆಗೆದರೆ ಚಪ್ಪಡಿ ಬೀಳುತ್ತದೆ. ವಿಷಯ ಮುಟ್ಟಿದ್ದೇ ಮುನಿಯಪ್ಪನವರು ಓಡಿಬಂದರು. ಕಂಬದ ಮುಂದೆ ನಿಂತ ಅವರ ಕಣ್ಣಲ್ಲಿ ನೀರು ತುಂಬಿತು. "ಮೂರು ತಲೆಮಾರು ಈ ಕಂಬಕ್ಕೆ ಎಮ್ಮೆ ಕಟ್ಟಿದೀವಲ್ಲ ಸಾರ್" ಎಂದರು. ಒಯ್ಯಿರಿ ಎನ್ನಲು ನಾನು ಬಾಯಿ ತೆರೆಯುವುದರೊಳಗೆ, "ನಿಂತ ದೇವರನ್ನ ಕೀಳಬಾರದು. ನಿಮ್ಮ ಕೈಲಿ ಸೇವೆ ಮಾಡಿಸ್ಕೋಬೇಕು ಅಂತ ಬಂದವ್ನೆ" ಎಂದು ತೀರ್ಮಾನ ಕೊಟ್ಟು ಕರ್ಪೂರ ಹಚ್ಚಿಬಿಟ್ಟರು.

ಆ ಸಂಜೆ ನನಗೆ ನಿಜವಾಗಿ ನಾಚಿಕೆಯಾಯಿತು. ತುಂಬಿದ ಬಸುರಿ ಶಾಂತಾ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಅರ್ಧ ದಿನದಲ್ಲಿ ಆಗುತ್ತಿದ್ದ ಕೆಲಸವನ್ನು ಮೂರು ತಿಂಗಳು ಎಳೆದು, ಕಡೆಗೆ ಅವಳಿಗೆ ಒಂದು ಮರೆಯೂ ಇಲ್ಲದ ಹಾಗೆ ಮಾಡಿದ್ದೆ. ಒಂದು ಮಾತು ಬೈದಿದ್ದರೂ ನನಗೆ ಹಗುರವಾಗುತ್ತಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, "ಅಪ್ಪಾ, ನನ್ನ ಸ್ನಾನಕ್ಕೆ ಅಂತ ಗುಡೀನೇ ಕಟ್ಟಿಸ್ಬಿಟ್ರಲ್ಲ!" ಎಂದಳು. ಆ ಹೊತ್ತಿಗೆ ಮನೆಯಾಕೆ ಹಂಡೆಯನ್ನು ನೋಡಿದಳು, ಅದರ ಪಕ್ಕದ ಬಾಗಿಲನ್ನು ನೋಡಿದಳು, ಬಾಗಿಲೊಳಗೆ ಇಣುಕಿದಳು. "ನಿಮ್ಮ ಮೇಜು ಆಚೆಗೆ ತೆಗೀರಿ" ಎಂದಳು. ಅಷ್ಟೇ.

ಆ ಮಾತಿಗೆ ಫೈಲು ಬೇಕಾಗಲಿಲ್ಲ. ಕಿಟಕಿ ಮುಚ್ಚಿದರೆ ಗಾಳಿಯಿಲ್ಲ, ಕೈ ಬೀಸಲು ಧಾರಾಳ ಜಾಗ, ಹಂಡೆಯಿಂದ ಎರಡು ಹೆಜ್ಜೆ. ಓದುವ ಕೋಣೆಯ ಮೂಲೆಯಲ್ಲಿ ಗೋಡೆ ಕೊರೆದು ಮೋರಿ ಮಾಡಲು ಮೇಸ್ತ್ರಿಗೆ ಸರಿಯಾಗಿ ಅರ್ಧ ದಿನ ಹಿಡಿಯಿತು. ಪುಸ್ತಕಗಳು ಮಂಚದ ಕೆಳಗೆ ಹೋದವು. ಮೇಜು ಕುರ್ಚಿ ಎಲ್ಲೂ ಹಿಡಿಸದೆ ಮಂಟಪಕ್ಕೆ ಬಂದವು. ಮೇಜಿನ ಹಿಂದೆ ನಾನೂ ಬಂದೆ. ವಾರ ಕಳೆದು ಮೊಮ್ಮಗಳು ಹುಟ್ಟಿದಳು. ಅವಳನ್ನು ಮನೆಗೆ ಕರೆತಂದ ಮೇಲೆ ದಿನವೂ ಬೆಳಿಗ್ಗೆ ಗೋಡೆಯಾಚೆ ದಬದಬನೆ ನೀರು ಬೀಳುವ ಸದ್ದು, ಚೌಡಮ್ಮನ ಗದರಿಕೆ, ಕೂಸಿನ ಅಳು, ಸಾಂಬ್ರಾಣಿಯ ಹೊಗೆ. ಅದನ್ನು ಕೇಳುತ್ತ ಮಂಟಪದಲ್ಲಿ ಕೂತಾಗ ಆಗುತ್ತಿದ್ದಷ್ಟು ಸಂತೋಷ ಆ ಕೋಣೆಯಲ್ಲಿ ಆರು ವರ್ಷ ಕೂತರೂ ಆಗಿರಲಿಲ್ಲ. ಅದನ್ನು ಮನೆಯಾಕೆಗೆ ಮಾತ್ರ ಹೇಳಿಲ್ಲ.

ಬಾಣಂತನ ಮುಗಿದು ಶಾಂತಾ ಎದ್ದು ನಿಂತಾಗ ಅವಳ ಬೆನ್ನು ಕೋಲಿನ ಹಾಗೆ ನೆಟ್ಟಗಿತ್ತು. ತಾಯಿ ಮಗು ಹಾಸನಕ್ಕೆ ಹೋದರು. ಇನ್ನು ಮೇಜು ಒಳಗಿಡೋಣವೇ ಎಂದು ಮೆಲ್ಲಗೆ ಕೇಳಿದೆ. "ಆರು ವರ್ಷದ ಮೇಲೆ ನೆಟ್ಟಗೆ ಒಂದು ಬಚ್ಚಲು ಆಗಿದೆ, ಸುಮ್ನಿರಿ" ಎಂದಳು ಮನೆಯಾಕೆ. ಅಷ್ಟರಲ್ಲಿ ಮುನಿಯಪ್ಪನವರ ಕಡೆಯವರು ಶನಿವಾರ ಶನಿವಾರ ಬರುವುದು ರೂಢಿಯಾಗಿತ್ತು. ಹಿತ್ತಲ ಗೇಟಿಗೆ ಬೀಗ ಹಾಕಲು ಮನಸ್ಸು ಬರಲಿಲ್ಲ. ಕಂಬಕ್ಕೆ ಸಿಂಧೂರ ಬಂತು, ವಡೆಯ ಹಾರ ಬಂತು, ಚಪ್ಪಡಿಗೆ ಗಂಟೆಯೊಂದು ಬಂತು. ನನ್ನ ಮೇಜಿನ ಮೇಲೆ ಎಣ್ಣೆಯ ಬಟ್ಟಲಿಗೆ ಜಾಗ ಮಾಡಬೇಕಾಯಿತು.

ಹೋದ ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ, ಚಳಿಗೆ ಧೋತ್ರ ಹೊದ್ದು, ಮೇಜಿನ ಹಿಂದೆ ಪತ್ರಿಕೆ ಓದುತ್ತ ಕೂತಿದ್ದೆ. ಗುರುತಿಲ್ಲದ ಗಂಡ ಹೆಂಡತಿ, ಕೈಯಲ್ಲಿ ಹಣ್ಣುಕಾಯಿ ತಟ್ಟೆ. ಆಚೆಯ ಶ್ರೀನಗರ ಬಡಾವಣೆಯಿಂದ ನಡೆದೇ ಬಂದರಂತೆ. "ಪೂಜಾರ್ರೇ, ಮಂಗಳಾರತಿ ಎಷ್ಟೊತ್ತಿಗೆ?" ಎಂದರು. ನಾನು ಪೂಜಾರಿಯಲ್ಲ, ಇದು ಗುಡಿಯಲ್ಲ, ನನ್ನ ಮಗಳ ಸ್ನಾನಕ್ಕೆ ಕಟ್ಟಿಸಿದ್ದು, ಎಂದು ಶುರು ಮಾಡಬೇಕೆಂದಿದ್ದೆ. ಮೇಜಿನ ಹಿಂದೆ ನಾನು, ಮುಂದೆ ಕೈ ಕಟ್ಟಿ ನಿಂತ ಇಬ್ಬರು. ಇಪ್ಪತ್ತೆರಡು ವರ್ಷದ ಅಭ್ಯಾಸದಿಂದ "ನಾಳೆ ಬನ್ನಿ" ಎಂಬ ಮಾತು ತುಟಿಯವರೆಗೆ ಬಂತು. ಕಂಬದ ಕಡೆ ನೋಡಿದೆ. ಕೈಗಡಿಯಾರ ನೋಡಿಕೊಂಡೆ.

"ಇನ್ನು ಹತ್ತು ನಿಮಿಷ. ಕೂತ್ಕೊಳ್ಳಿ" ಎಂದೆ.