ಕೆಂಚನ ಕ್ರೇಟಿಗೆ ಗಾಡಿ ಪೂಜೆ

ಯಾರಾದರೂ ನನ್ನ ಹತ್ತಿರ ಬಂದು ‘ನೀವೇನೂ ಯೋಚನೆ ಮಾಡಬೇಡಿ’ ಅಂದರೆ ಆ ಕ್ಷಣದಿಂದಲೇ ನನಗೆ ಯೋಚನೆ ಶುರುವಾಗುತ್ತದೆ. ಯೋಚನೆ ಮಾಡಬೇಕಾದದ್ದು ಏನೋ ಇದೆ, ಅದನ್ನು ಈ ಮನುಷ್ಯ ಮುಚ್ಚಿಡುತ್ತಿದ್ದಾನೆ ಎಂದೇ ನನ್ನ ನಂಬಿಕೆ. ಎಳನೀರಿನವನು ‘ಸಖತ್ತಾಗಿದೆ ಅಣ್ಣ, ಕುಡೀರಿ’ ಅಂದರೆ ಪಕ್ಕದವನ ಕೈಯಲ್ಲಿರುವ ಬುರುಡೆಯ ಕಡೆ ನೋಡುತ್ತೇನೆ. ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತೇನೆ. ಗೇಟಿನವರೆಗೆ ಹೋದ ಮೇಲೆ, ಎಳೆದು ನೋಡಿದ್ದು ನಿಜವೇ ಎಂದು ಅನುಮಾನ ಬಂದು ವಾಪಸ್ಸು ಬರುತ್ತೇನೆ. ಇದು ನಮ್ಮ ವಂಶದಲ್ಲೇ ಇದೆ. ನಮ್ಮ ತಾತ ಬಿಳೇಕಹಳ್ಳಿ ಬಿಟ್ಟು ದೂರ ಹೊರಟಿದ್ದು ಒಂದೇ ಸಲ, ತಿರುಪತಿಗೆ. ಬಸ್ಸಿನ ಟಾಪಿನ ಮೇಲೆ ಹಾಕಿದ ಟ್ರಂಕನ್ನು ಯಾರಾದರೂ ಲಪಟಾಯಿಸಿಯಾರು ಎಂದು ಪ್ರತಿ ಸ್ಟಾಪಿನಲ್ಲೂ ಇಳಿದು ನೋಡುತ್ತಿದ್ದರಂತೆ. ಒಂದು ಕಡೆ, ಚೆನ್ನಾಗಿ ಕಾಣಲಿ ಎಂದು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡುತ್ತಿದ್ದಾಗ ಬಸ್ಸು ಹೊರಟೇಹೋಯಿತು. ಟ್ರಂಕು ತಿರುಪತಿ ತಲುಪಿತು, ತಾತ ಮನೆಗೆ ಬಂದರು.

ಅಂಥ ತಾತನ ಮೊಮ್ಮಗನಿಗೆ ನಾಯಿ ಕಟ್ಟಿಕೊಂಡು ವಿಮಾನದಲ್ಲಿ ಐರ್ಲೆಂಡಿಗೆ ಹೋಗುವ ಕೆಲಸ ಬಂತು. ನನ್ನ ಹೆಂಡತಿ ಶೈಲಾ ನರ್ಸು. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ ಎಂಟು ತಿಂಗಳ ಹಿಂದೆ ಹೋದಳು. ತಾನು ಮೊದಲು ಹೋಗಿ ಮನೆ ಮಾಡುವುದು, ಹಿಂದೆಯೇ ನಾನು ನಮ್ಮ ನಾಯಿ ಕೆಂಚನನ್ನು ಕರೆದುಕೊಂಡು ಬರುವುದು ಎಂದು ಮಾತಾಗಿತ್ತು. ಅರೆಕೆರೆಯಲ್ಲಿದ್ದ ನನ್ನ ಪ್ಲೈವುಡ್ ಅಂಗಡಿಯನ್ನು ಭಾವನಿಗೆ ಒಪ್ಪಿಸಿದ್ದೂ ಆಯಿತು. ಜೆ.ಪಿ. ನಗರದ ನಮ್ಮ ಮನೆಯ ಕೆಳಗಿನ ಭಾಗದಲ್ಲಿ ಅಕ್ಕ, ಭಾವ ಇದ್ದಾರೆ, ಮನೆಯ ಚಿಂತೆಯಿಲ್ಲ. ಉಳಿದದ್ದು ಕೆಂಚ ಒಬ್ಬನೇ.

ಕೆಂಚ ಅಂಗಡಿಯ ಹಿಂದೆ ಸಿಕ್ಕಿದ ಬೀದಿನಾಯಿ. ಮೈ ಕೆಂಪು, ಎದೆ ಅಗಲ, ನೋಡಿದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದಿರುತ್ತಾನೆ. ಕುಕ್ಕರಿನ ಕೂಗಿಗೆ ಹೆದರುತ್ತಾನೆ, ಹೆಲ್ಮೆಟ್ಟಿಗೆ ಹೆದರುತ್ತಾನೆ, ಬಿಕ್ಕಳಿಕೆ ಬಂದರೆ ಬೆಚ್ಚಿಬಿದ್ದು ಅದು ಎಲ್ಲಿಂದ ಬಂತೆಂದು ತಿರುಗಿ ನೋಡುತ್ತಾನೆ. ಇಂಥವನನ್ನು ಸಮುದ್ರ ದಾಟಿಸುವುದಕ್ಕೆ ಬಿಟಿಎಂ ಲೇಔಟಿನಿಂದ ನವೀನ್ ಎಂಬ ಏಜೆಂಟು ಬಂದ. ನಾಯಿ ಬೆಕ್ಕುಗಳನ್ನು ಹೊರದೇಶಕ್ಕೆ ಕಳಿಸಿಕೊಡುವುದೇ ಅವನ ಉದ್ಯೋಗವಂತೆ. ಅವನ ನಗು ನೋಡಿದರೇ ನನಗೆ ಗುಮಾನಿ. ಕತ್ತಿನ ಚರ್ಮದೊಳಗೆ ಚಿಪ್ ಹಾಕಿಸಬೇಕು, ಲಸಿಕೆ ಹಾಕಿಸಬೇಕು, ರಕ್ತ ಪರೀಕ್ಷೆಗೆ ಕಳಿಸಿ ಮೂರು ತಿಂಗಳು ಕಾಯಬೇಕು ಎಂದ. ರಕ್ತ ಎಲ್ಲಿಗೆ ಹೋಗುತ್ತದೆ, ಉಳಿದ ರಕ್ತವನ್ನು ಏನು ಮಾಡುತ್ತಾರೆ ಎಂದು ಕೇಳಿದೆ. ಚಿಪ್ಪಿನಲ್ಲಿ ಏನೇನು ಬರೆದಿರುತ್ತದೆ ಎಂದೂ ಕೇಳಿದೆ. ಚಿಪ್ಪಿನಲ್ಲಿ ಬರೀ ನಂಬರು ಇರುತ್ತದೆ ಸಾರ್ ಎಂದ. ಇರಬಹುದು. ಆದರೂ ಅದನ್ನು ಹಾಕಿಸಿದ ದಿನದಿಂದ ಕೆಂಚನ ಎದುರು ಮನೆಯ ವಿಷಯ ಮಾತಾಡುವುದನ್ನು ನಿಲ್ಲಿಸಿದೆ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನವೀನ ಕೊನೆಯಲ್ಲಿ ಹೇಳಿದ. ನಾಯಿಗೆ ಮತ್ತಿನ ಔಷಧಿ ಕೊಡುವಂತಿಲ್ಲ. ಅದು ತಾನಾಗಿ ಕ್ರೇಟಿನೊಳಗೆ, ಅಂದರೆ ಚಿಲಕದ ಬಾಗಿಲಿರುವ ಪ್ಲಾಸ್ಟಿಕ್ ಗೂಡಿನೊಳಗೆ ಹೋಗಿ, ಗಲಾಟೆ ಮಾಡದೆ ಮಲಗಬೇಕು. ಇಲ್ಲದಿದ್ದರೆ ವಿಮಾನದವರು ತೆಗೆದುಕೊಳ್ಳುವುದಿಲ್ಲ. ಅಂದರೆ ಕೆಂಚ ಕ್ರೇಟಿಗೆ ಹೋಗದಿದ್ದರೆ ಶೈಲಾ ಅಲ್ಲಿ, ನಾನಿಲ್ಲಿ. ಅದಕ್ಕೇ ಕ್ರೇಟನ್ನು ಈಗಲೇ ಮನೆಯಲ್ಲಿಟ್ಟು ರೂಢಿ ಮಾಡಿಸಿ ಎಂದು ಅದನ್ನು ತಂದು ಹಾಲಿನಲ್ಲಿಟ್ಟ. ಮೊದಲ ದಿನವೇ ಕೆಂಚ ಬಿಸ್ಕತ್ತಿನ ಆಸೆಗೆ ಒಳಗೆ ಹೋದ. ಇಷ್ಟು ಸುಲಭವಾಗಿ ಆದದ್ದು ಯಾವುದೂ ಸರಿಯಿರುವುದಿಲ್ಲ ಎಂದುಕೊಂಡೆ.

ಸರಿಯಿಲ್ಲದಂತೆ ಮಾಡಿದ್ದು ನಾವೇ. ಅಕ್ಕ ಕ್ರೇಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಗಾಳೀಲಿ ಹೋಗೋ ಗಾಡಿ ಕಣೋ ಇದು, ಪೂಜೆ ಇಲ್ದೆ ಹೆಂಗೆ ಕಳಿಸೋದು?” ಅಂದಳು. ನಮ್ಮ ಮನೆಯಲ್ಲಿ ಸೈಕಲ್ಲು ಕೂಡ ಪೂಜೆಯಾಗದೆ ಗೇಟು ದಾಟಿಲ್ಲ. ಶುಕ್ರವಾರ ಬೆಳಿಗ್ಗೆ ಕ್ರೇಟನ್ನು ಗೇಟಿನ ಹತ್ತಿರ ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದೆವು. ನಿಂಬೆಹಣ್ಣು ಇಡಲು ಚಕ್ರವಿಲ್ಲವಲ್ಲ ಎಂದು ನಾಲ್ಕು ಮೂಲೆಗೆ ನಾಲ್ಕು ಇಟ್ಟೆವು. ಕೆಂಚ ಒಳಗೆ ಕೂತು ಕೊಬ್ಬರಿ ಚೂರು ತಿನ್ನುತ್ತಿದ್ದ. ಮಂಗಳಾರತಿ ಆಯಿತು. ಆಮೇಲೆ ಭಾವ ಬೂದುಗುಂಬಳಕಾಯಿಯನ್ನು ಮೂರು ಸಲ ನಿವಾಳಿಸಿ, ಕ್ರೇಟಿನ ಮುಂದೆಯೇ, ಕೆಂಚನ ಮೂಗಿನಿಂದ ಎರಡು ಅಡಿ ದೂರದಲ್ಲಿ ಎತ್ತಿ ಅಪ್ಪಳಿಸಿದ. ಕುಂಕುಮದ ನೀರು, ತಿರುಳು, ಬೀಜ ಎಲ್ಲವೂ ಅವನ ಮುಖಕ್ಕೆ ಬಡಿಯಿತು. ಕೆಂಚ ಹಾರದ ಸಮೇತ ಹೊರಗೆ ಹಾರಿ, ಮೆಟ್ಟಿಲು ಹತ್ತಿ, ತಾರಸಿಯ ನೀರಿನ ಟ್ಯಾಂಕಿನ ಕೆಳಗೆ ಸೇರಿಕೊಂಡ. ಸಾಯಂಕಾಲದವರೆಗೆ ಈಚೆಗೆ ಬರಲಿಲ್ಲ. ದೃಷ್ಟಿ ಪೂರ್ತಿ ಹೋಯಿತು ಎಂದು ಅಕ್ಕ ಸಮಾಧಾನಪಟ್ಟುಕೊಂಡಳು.

ಅಲ್ಲಿಂದ ಕ್ರೇಟು ಕಂಡರೆ ಕೆಂಚ ಊಟದ ಮೇಜಿನ ಕೆಳಗೆ. ನನಗೂ ಕ್ರೇಟಿನ ಮೇಲೆ ನಂಬಿಕೆ ಹೋಯಿತು. ದಿನಾ ಬೆಳಿಗ್ಗೆ ಅದರ ಚಿಲಕ ಎಳೆದು ನೋಡಿದೆ, ಬೋಲ್ಟು ಅಲ್ಲಾಡಿಸಿ ನೋಡಿದೆ, ಪ್ಲಾಸ್ಟಿಕ್ ಮೂಸಿದೆ. ಗಾಳಿ ಸಾಕಾಗುತ್ತದೆಯೇ ಎಂದು ಒಂದು ದಿನ ನಾನೇ ತಲೆ ಒಳಗೆ ಹಾಕಿ ಹತ್ತು ನಿಮಿಷ ಕೂತೆ. ಪೇಪರಿನವನು ಬಂದು ನೋಡಿ, ಏನೂ ಕೇಳದೆ ಹೋದ. ಹೊರಡುವ ತಾರೀಕನ್ನು ಎರಡು ಸಲ ಮುಂದೂಡಿದೆ. ವಿಡಿಯೋ ಕಾಲಿನಲ್ಲಿ ಶೈಲಾಗೆ ಇವತ್ತೂ ಹೋಗಲಿಲ್ಲ ಎಂದು ವರದಿ ಒಪ್ಪಿಸುತ್ತಿದ್ದೆ. ಅವಳು ಬೇಜಾರು ಮಾಡಿಕೊಳ್ಳದೆ ಹೌದಾ ಅನ್ನುತ್ತಿದ್ದಳು. ಆ ಹೌದಾ ನನ್ನ ತಲೆಯಲ್ಲಿ ಹುಳ ಬಿಟ್ಟಿತು. ನಾನಿಲ್ಲದೆ ಅವಳಿಗೆ ರೂಢಿಯಾಗಿಹೋಗಿದೆಯೇ? ನವೀನ ಬೇಕೆಂದೇ ಸಣ್ಣ ಕ್ರೇಟು ಕೊಟ್ಟಿದ್ದಾನೆಯೇ? ಕೆಂಚನನ್ನು ಇಲ್ಲೇ ಇಟ್ಟುಕೊಳ್ಳಲು ಅಕ್ಕನೇ ಕುಂಬಳಕಾಯಿ ಒಡೆಸಿದಳೇ? ಯಾರ ಮುಖ ನೋಡಿದರೂ ಏನೋ ಮುಚ್ಚಿಡುತ್ತಿರುವಂತೆಯೇ ಕಾಣುತ್ತಿತ್ತು.

ಒಂದು ದಿನ ಹನ್ನೊಂದು ಗಂಟೆಗೆ ಹಳೇ ಅಭ್ಯಾಸದಂತೆ ಅಂಗಡಿ ಕಡೆ ಹೊರಟವನು ಕನ್ನಡಕ ಮರೆತು ವಾಪಸ್ಸು ಬಂದೆ. ಕಿಟಕಿಯಿಂದ ನೋಡುತ್ತೇನೆ, ಹಾಲಿನಲ್ಲಿ ಅಕ್ಕ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಳೆ. ಪಕ್ಕದಲ್ಲಿ ಕ್ರೇಟು. ಕ್ರೇಟಿನೊಳಗೆ ಕೆಂಚ ನಾಲ್ಕೂ ಕಾಲು ಮೇಲೆ ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದಾನೆ. ನಾನು ಬಾಗಿಲು ತೆಗೆದ ಸದ್ದಿಗೆ ಎದ್ದ, ನನ್ನ ಮುಖ ನೋಡಿದ, ಬಾಲ ಮುದುರಿಕೊಂಡು ಮೇಜಿನ ಕೆಳಗೆ ಹೋಗಿ ಕೂತ.

“ದಿನಾ ಹಿಂಗೇ,” ಅಂದಳು ಅಕ್ಕ, ಕಾಯಿಯಿಂದ ಕಣ್ಣೆತ್ತದೆ. “ಕುಂಬಳಕಾಯಿ ಭಯ ಯಾವತ್ತೋ ಹೋಯ್ತು. ನೀನು ಗೇಟು ದಾಟಿದ ತಕ್ಷಣ ಹೋಗಿ ಮಲ್ಕೊತಾನೆ. ನೀನು ಅದರ ಚಿಲಕ ಎಳ್ದು ಎಳ್ದು ನೋಡ್ತೀಯಲ್ಲ, ಅದಕ್ಕೇ ಅವನಿಗೆ ಭಯ.”

ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ರೇಗಿದೆ.

“ಹೇಳಿದ್ರೆ ಬೇರೆ ಏನಾದ್ರೂ ಹುಡುಕ್ತಿದ್ದೆ. ನಿಂಗೆ ಹೋಗೋಕೆ ಭಯ ಇದ್ರೆ ಬಾಯ್ಬಿಟ್ಟು ಹೇಳೋ. ಆ ಮೂಕ ಪ್ರಾಣಿ ಮೇಲೆ ಯಾಕೆ ಹಾಕ್ತೀಯ?”

ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಭಯ ಇದ್ದದ್ದು ನಿಜ. ನಲವತ್ತೆಂಟು ವರ್ಷದಲ್ಲಿ ನಾನು ಬಿಳೇಕಹಳ್ಳಿಯಿಂದ ಜೆ.ಪಿ. ನಗರಕ್ಕೆ ಬಂದದ್ದೇ ದೊಡ್ಡ ವಲಸೆ. ಇಲ್ಲಿ ಅಂಗಡಿ ಸಾಲಿನಲ್ಲಿ ನಡೆದರೆ ಹತ್ತು ಜನ ‘ಏನಣ್ಣ’ ಅನ್ನುತ್ತಾರೆ. ಅಲ್ಲಿ ಶೈಲಾ ಡ್ಯೂಟಿಗೆ ಹೋದ ಮೇಲೆ ಯಾರ ಮುಖ ನೋಡಿಕೊಂಡು ಕೂರಲಿ? ಇದನ್ನು ಅವಳಿಗೆ ಹೇಳಲು ನಾಚಿಕೆಯಾಗಿ, ಪಾಪದ ನಾಯಿಯನ್ನು ಮುಂದೆ ಬಿಟ್ಟಿದ್ದೆ. ಅಂದೇ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ನಾಯಿ ಒಳಗೆ ಹೋಗುತ್ತೆ, ಹೆದರಿರೋನು ನಾನು ಎಂದೆ.

ಶೈಲಾ ನಕ್ಕಳು. “ಗೊತ್ತಿತ್ತು ರೀ. ಅವನು ಮಲಗಿರೋ ಫೋಟೋನ ಅಕ್ಕ ದಿನಾ ಕಳಿಸ್ತಿದ್ರು. ಅದಕ್ಕೇ ನವೀನ್‌ಗೆ ಹೇಳಿ ಕೆಂಚನ ಟಿಕೆಟ್ ಮಾಡ್ಸಿಬಿಟ್ಟೆ. ಅವನು ಹೊರಟ ಮೇಲೆ ನೀವು ಒಬ್ಬರೇ ಮನೇಲಿ ಕೂರಲ್ಲ. ನಂಗೂ ಇಲ್ಲಿ ಒಬ್ಬಳೇ ಕೂತು ಊಟ ಮಾಡಿ ಸಾಕಾಗಿದೆ.”

ಹೆಂಡತಿ, ಅಕ್ಕ, ಏಜೆಂಟು ಮೂವರೂ ಸೇರಿ ನನ್ನ ಬೆನ್ನ ಹಿಂದೆ ಸಂಚು ಮಾಡಿದ್ದರು. ಇಷ್ಟು ವರ್ಷ ಅನುಮಾನಪಟ್ಟದ್ದಕ್ಕೆ ಮೊದಲ ಸಲ ನ್ಯಾಯ ಸಿಕ್ಕಿತು. ಆದರೆ ಸಂಚು ನಡೆದದ್ದು ನನ್ನನ್ನು ಬಿಟ್ಟುಹೋಗುವುದಕ್ಕಲ್ಲ, ಕರೆಸಿಕೊಳ್ಳುವುದಕ್ಕೆ ಎಂದು ತಿಳಿದಾಗ, ಹೊರಡುವ ತಾರೀಕನ್ನು ಮೂರು ಸಲ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ.

ಮಾರನೆಯ ದಿನ ನವೀನ ಅದೇ ನಗು ನಗುತ್ತಾ ಫಾರಂ ತಂದ. ಮೇಲೆ ದೊಡ್ಡದಾಗಿ ಪ್ರಯಾಣಿಕನ ಹೆಸರು, ಕೆಂಚ. ವಯಸ್ಸು, ಬಣ್ಣ, ತೂಕ. ಸ್ವಭಾವ: ಶಾಂತ, ಹೊಸ ಜಾಗಕ್ಕೆ ಬೇಗ ಹೊಂದಿಕೊಳ್ಳುತ್ತಾನೆ. ಎಲ್ಲಕ್ಕಿಂತ ಕೆಳಗೆ, ‘ಜೊತೆಯಲ್ಲಿ ಬರುವವರು’ ಎಂಬಲ್ಲಿ ಸಣ್ಣಕ್ಷರದಲ್ಲಿ ನನ್ನ ಹೆಸರು. ನನ್ನ ಸ್ವಭಾವವನ್ನೂ ಎಲ್ಲಾದರೂ ಕೇಳಿದ್ದಾರೆಯೇ ಎಂದು ಹಾಳೆಯ ಹಿಂಬದಿ ತಿರುಗಿಸಿ ನೋಡಿದೆ. ಕೇಳಿರಲಿಲ್ಲ. ಆಮೇಲೆ ನೆನಪಾಗಿ ಸೇರಿಸಿಯಾರು ಎಂದು ಬೇಗ ಬೇಗ ಸಹಿ ಹಾಕಿಕೊಟ್ಟೆ.