ಎಂ.ಎ. ಸಲುವಾಗಿ ಹಾಕಿದ ಮಾಳ

ಜ್ಞಾನೇಶ್ವರ ಮಾಸ್ತರರು ಆ ಬೆಳಿಗ್ಗೆ ಚಹಾ ಕುಡಿದು, ಮೀಸೆ ಒರೆಸಿಕೊಂಡು, ಹುಮನಾಬಾದಿನ ತಮ್ಮ ಮನೆಯ ಪಡಸಾಲೆಯ ನಟ್ಟನಡುವೆ ನಿಂತು ಘೋಷಣೆ ಹೊರಡಿಸಿಯೇಬಿಟ್ಟರು.

"ಉಜ್ವಲಾ, ಕೇಳಿಲ್ಲಿ! ನಾ ಎಂ.ಎ. ಮಾಡಾಂವ. ಅದೂ ಧರ್ಮದ ವಿಷಯದಾಗ!"

"ಮೊದಲ ಜಳಕ ಮಾಡ್ರಿ. ನೀರು ಆರಾಕತ್ತಾವ," ಎಂದಳು ಹೆಂಡತಿ ಉಜ್ವಲಾ, ಅಡುಗೆಮನೆಯಿಂದಲೇ.

ಇಂಥ ಮಾತಿಗೆಲ್ಲ ಬಗ್ಗುವ ಪೈಕಿಯಲ್ಲ ನಮ್ಮ ಮಾಸ್ತರರು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ಕಲಿಸುತ್ತ ತಲೆ ಅರ್ಧ ನೆರೆತಿತ್ತು. ಹೈಸ್ಕೂಲು ಮಾಸ್ತರನಾಗಿ ಸೇರಿದವನು ಹೈಸ್ಕೂಲು ಮಾಸ್ತರನಾಗಿಯೇ ರಿಟೈರ್ ಆಗಿಬಿಟ್ಟರೆ ಹುಟ್ಟಿದ್ದಕ್ಕೇನು ಬಂತು ಎಂಬ ಕುದಿ ಒಳಗೊಳಗೇ ಇತ್ತು. ಒಮ್ಮೆಯಾದರೂ ಕಾಲೇಜಿನಲ್ಲಿ ನಿಂತು ಪಾಠ ಹೇಳಬೇಕು, ಬಾಗಿಲ ಮೇಲಿನ ಹೆಸರಿನ ಮುಂದೆ ಎಂ.ಎ. ಅಂತ ಬರೆಸಬೇಕು. ನೌಕರಿ ಬಿಡದೆ ಧರ್ಮಗಳ ಅಧ್ಯಯನದಲ್ಲಿ ಎಂ.ಎ. ಮಾಡಿಸುವ ಒಂದು ವಿಶ್ವವಿದ್ಯಾಲಯದ ಜಾಹೀರಾತು ಮೊಬೈಲಿನಲ್ಲಿ ಕಂಡದ್ದೇ ತಡ, ಆ ಕುದಿ ಉಕ್ಕಿ ಹೊರಗೆ ಬಂತು.

"ನನಗಿಂತಾ ಲಾಯಕ್ ಮನಷಾ ಅವರಿಗೆ ಎಲ್ಲಿ ಸಿಗ್ತಾನ ಹೇಳು! ಆ ಕಡಿ ಶರಣರ ಬಸವಕಲ್ಯಾಣ, ಈ ಕಡಿ ಮಾಣಿಕನಗರ. ನಡುವ ಊರಿಗೊಂದು ದರ್ಗಾ, ವಿಠ್ಠಲ ಮಂದಿರ, ಬುದ್ಧ ವಿಹಾರ! ಇಷ್ಟರ ನಡುವ ಹುಟ್ಟಿ ಬೆಳದೀನಿ. ಧರ್ಮ ಅನ್ನೋದು ನನ್ನ ಮೈಗೆ ಹತ್ತಿ ಬಿಟ್ಟದ!"

"ಮೈಗೆ ಹತ್ತಿದ್ದು ಧರ್ಮ ಅಲ್ಲರೀ, ಮಟನ್. ಕನ್ನಡಿ ಮುಂದ ನಿಂತು ಜರಾ ನೋಡ್ಕೋರಿ."

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ದರ್ಗಾಕ್ಕೆ ಹರಕೆ ಹೊತ್ತವರು ಹೋತ ಕೊಯ್ದು ಬಂಧು-ಬಳಗ, ಊರು-ಕೇರಿಗೆಲ್ಲ ಉಣಿಸುತ್ತಾರಲ್ಲ, ಕಂದೂರಿ, ಅದೆಂದರೆ ಮಾಸ್ತರರಿಗೆ ಪಂಚಪ್ರಾಣ. ಹರಕೆ ಹೊತ್ತವರು ಹಿಂದೂಗಳೋ ಮುಸ್ಲಿಮರೋ ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಮಾಸ್ತರರಂತೂ ಕೇಳುವುದೇ ಇಲ್ಲ! ಹುಮನಾಬಾದಿನಿಂದ ಹಿಡಿದು ಮುಡಬಿಯವರೆಗೆ ಎಲ್ಲಿ ಕಂದೂರಿಯ ಹಂಡೆ ಇಳಿದರೂ ಮೊದಲ ಪಂಕ್ತಿಯಲ್ಲಿ ಅವರು ಹಾಜರ್. ಸರ್ವಧರ್ಮ ಸಮನ್ವಯವನ್ನು ಅವರು ಹೀಗೆ ಬಹಳ ವರ್ಷಗಳಿಂದ ಆಚರಿಸಿಕೊಂಡು ಬಂದಿದ್ದರು.

ಅರ್ಜಿ ತುಂಬುವುದೇನೋ ಸಲೀಸಾಗಿ ಮುಗಿಯಿತು. ಒಂದೇ ಒಂದು ಕಡೆ ಗಾಡಿ ನಿಂತಿತು. ಹಿಂದೆ ಪಾಠ ಹೇಳಿದ ಗುರುಗಳಿಂದ ಶಿಫಾರಸು ಪತ್ರ ಬೇಕಂತೆ, ಅದನ್ನು ಗುರುಗಳೇ ನೇರವಾಗಿ ಕಳಿಸಬೇಕಂತೆ. ಮಾಸ್ತರರು ಪೇಢೆಯ ಡಬ್ಬಿ ಹಿಡಿದು ಬಸವಕಲ್ಯಾಣದ ಬಸ್ಸು ಹತ್ತಿದರು. ಬಿ.ಎ.ಯಲ್ಲಿ ಇತಿಹಾಸ ಹೇಳಿಕೊಟ್ಟ ಪಂಡರಿ ಸರ್ ಅಲ್ಲಿದ್ದರು. ರಿಟೈರ್ ಆದ ಮೇಲೆ ಅವರು ಕೀರ್ತನಕಾರರಾಗಿದ್ದರು, ಊರೆಲ್ಲ ಈಗ ಪಂಡರಿ ಮಹಾರಾಜ ಎನ್ನುತ್ತಿತ್ತು. ಹಣೆಗೆ ವಿಠ್ಠಲನ ಭಕ್ತರು ಹಚ್ಚುವ ಕರಿಪುಡಿ ಬುಕ್ಕಾ, ಕೊರಳಲ್ಲಿ ತುಳಸಿ ಮಾಲೆ. ಆದರೆ ಪರೀಕ್ಷೆಯ ಪೇಪರು ನೋಡುವ ಹಳೆಯ ಕಣ್ಣು ಮಾತ್ರ ಹಾಗೇ ಇತ್ತು.

ಪಂಡರಿ ಸರ್ ಕನ್ನಡಕ ಏರಿಸಿ, ಶಿಫಾರಸಿನ ಸಲುವಾಗಿ ವಿಶ್ವವಿದ್ಯಾಲಯ ಮೊಬೈಲಿಗೆ ಕಳಿಸಿದ್ದ ಪ್ರಶ್ನೆ ಓದಿದರು. "'ಅಭ್ಯರ್ಥಿಯು ಈ ವಿಷಯದ ಸಲುವಾಗಿ ಬದುಕಿನಲ್ಲಿ ಏನನ್ನಾದರೂ ತ್ಯಾಗ ಮಾಡಿದ್ದಾರೆಯೇ? ಉದಾಹರಣೆ ಕೊಡಿ.' ಹಿಂಗ ಕೇಳ್ಯಾರ ನೋಡು. ಏನ್ ಬಿಟ್ಟೀಯಪಾ ನೀ?"

ಮಾಸ್ತರರು ಬಹಳ ಯೋಚಿಸಿದರು. "ಸಿಗರೇಟ್, ಸರ್."

"ಸೇದ್ತಿದ್ದೇನು?"

"ಇಲ್ರಿ."

"ಸೇದಲಾರದ್ದು ಹ್ಯಾಂಗ ಬಿಟ್ಟಿ?"

"ನೀವ ಏನರ ಒಂದ್ ಬರದು ಕಳಸ್ರಿ ಸರ್. ಯಾರು ಬಂದು ನೋಡ್ತಾರ?"

"ವಿಠ್ಠಲ ನೋಡ್ತಾನ," ಎಂದರು ಪಂಡರಿ ಸರ್, ಪೇಢೆ ಬಾಯಿಗೆ ಹಾಕಿಕೊಳ್ಳುತ್ತ. "ಸುಳ್ಳು ಬರಿಯೋ ಮನಷಾ ಅಲ್ಲ ನಾ. ಒಂದ್ ಕೆಲಸಾ ಮಾಡು. ಬರೋ ಏಕಾದಶಿಗೆ ಮಾಳ ಹಾಕ್ಕೋ. ಮಟನ್ ಬಿಟ್ಟಾನ ಅಂತ ನಾ ಅವತ್ತ ಸಂಜಿಕೆ ಬರದು ಕಳಸ್ತೀನಿ. ನಿನ್ನಂಥಾಂವ ಮಟನ್ ಬಿಟ್ಟಾ ಅಂದ್ರ ಅದಕ್ಕಿಂತಾ ದೊಡ್ಡ ತ್ಯಾಗ ಯಾವುದದ?"

ಮಾಳ ಹಾಕುವುದೆಂದರೆ ವಿಠ್ಠಲನ ಮುಂದೆ ಕೊರಳಿಗೆ ತುಳಸಿ ಮಾಲೆ ಕಟ್ಟಿಸಿಕೊಂಡು ಮಾಂಸ, ಮದ್ಯ ಎರಡನ್ನೂ ಬಿಡುವುದು. ಒಮ್ಮೆ ಹಾಕಿದವನು ತೆಗೆಯುವಂತಿಲ್ಲ. ತೆಗೆದರೆ ಮಂದಿ ಮುಖಕ್ಕೇ ಕೇಳುತ್ತಾರೆ. ಮಾಸ್ತರರು ವಾಪಸ್ ಬರುವ ಬಸ್ಸಿನಲ್ಲಿ ಕೂತು ಉಪಾಯ ಮಾಡಿದರು: ಮಾಳ ಹಾಕುವುದು, ಪತ್ರ ಹೋಗುವುದು, ಅಡ್ಮಿಷನ್ ಆಗುವುದು, ಆಮೇಲೆ ಡಾಕ್ಟರ್ ಮಟನ್ ಸೂಪ್ ಕುಡಿಯಲು ಹೇಳಿದ್ದಾರೆ ಎಂದು ಮೆಲ್ಲಗೆ ತೆಗೆದಿಡುವುದು! ಎಂಥ ತಲೆ! ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಏಕಾದಶಿಯ ದಿನ ಮಾಳ ಬಿತ್ತು. ಪಂಡರಿ ಸರ್ ಮಾತಿಗೆ ತಪ್ಪಲಿಲ್ಲ, ಸಂಜೆಗೇ ಪತ್ರ ಕಳಿಸಿದರು. ಆದರೆ ಮಾಸ್ತರರು ಒಬ್ಬರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರ ತಾಯಿ ಸುಂದರಬಾಯಿ.

ಮುದುಕಿ ಮಗನ ಕೊರಳು ನೋಡಿದಳು. ಮಾಲೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತು ಗಳಗಳ ಅತ್ತುಬಿಟ್ಟಳು.

"ನಿಮ್ಮಪ್ಪಗ ಹೇಳಿ ಹೇಳಿ ನನ್ನ ಬಾಯಿ ಹರೀತು. ಮುಂದಿನ ವರ್ಸ, ಮುಂದಿನ ವರ್ಸ ಅಂತ ಮಾಳ ಹಾಕ್ಲಾರದನ ಹೋದಾ. ನೀ ಹಾಕ್ದಿ ನನ್ನಪ್ಪಾ! ಇನ್ನ ನಾ ಸತ್ರೂ ಚಿಂತಿಲ್ಲ."

ಮಾಸ್ತರರು ತಾಯಿಯ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತರು. ಡಾಕ್ಟರು, ಸೂಪು, ಮೆಲ್ಲಗೆ ತೆಗೆದಿಡುವುದು, ಎಲ್ಲ ಉಪಾಯವೂ ಆ ಕಣ್ಣೀರಿನಲ್ಲಿ ತೊಳೆದು ಹೋಗುವ ಲಕ್ಷಣ ಕಾಣಿಸಿತು.

ಸುಂದರಬಾಯಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮಟನ್ ಬೇಯಿಸುವ ದೊಡ್ಡ ಪಾತ್ರೆಯನ್ನು ಮರುದಿನವೇ ದುಬಲಗುಂಡಿಯ ಬಸ್ಸಿಗೆ ಹಾಕಿ ಸೊಸೆಯ ತವರಿಗೆ ಕಳಿಸಿಬಿಟ್ಟಳು. ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯಂತೆ ಮಾಸ್ತರರು ಬಸ್ಸು ಮರೆಯಾಗುವವರೆಗೂ ನೋಡುತ್ತ ನಿಂತರು.

"ಎಂ.ಎ. ಸಲುವಾಗಿ ಮನಿ ಪಾತ್ರಿ ಹೋತು. ಇನ್ನ ಪಿಎಚ್.ಡಿ. ಅಂದ್ರ ಏನೇನ್ ಹೋಗ್ತಾವೋ," ಎಂದಳು ಉಜ್ವಲಾ.

ಮನೆಯ ಹೊರಗಿನ ಗತಿ ಇನ್ನೂ ಘೋರ. ಮಾಳ ಹಾಕಿದವರು ಎದುರಾದರೆ ಒಬ್ಬರ ಕಾಲಿಗೆ ಒಬ್ಬರು ಬೀಳುವುದು ಪದ್ಧತಿ. ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಇಷ್ಟೊಂದು ಜನ ಮಾಳ ಹಾಕಿದವರು ಇದ್ದಾರೆಂದು ಮಾಸ್ತರರಿಗೆ ಅಲ್ಲಿಯತನಕ ಗೊತ್ತೇ ಇರಲಿಲ್ಲ! "ರಾಮಕೃಷ್ಣ ಹರಿ, ಮಹಾರಾಜ!" ಎಂದು ಅವರು ಬಾಗುವುದು, ಹೊಟ್ಟೆ ಅಡ್ಡ ಬಂದರೂ ಇವರು ಬಾಗುವುದು, ಅಷ್ಟರಲ್ಲಿ ಬಸ್ಸು ಹೋಗುವುದು. ಖಾನಾವಳಿಗೆ ಹೋಗಿ ಆಮ್ಲೆಟ್ ಎಂದು ಬಾಯಿ ತೆರೆಯುವ ಮೊದಲೇ ಮಾಲಕ "ಮಹಾರಾಜರಿಗೆ ಉಪ್ಪಿಟ್ಟು ತಾ" ಎಂದು ಕೂಗುತ್ತಿದ್ದ. ಸ್ಟಾಫ್ ರೂಮಿನಲ್ಲಿ ಗಣಿತದ ಫೈಜಲ ಸರ್, ವರ್ಷಾನುಗಟ್ಟಲೆ ಖೀಮಾ ಹಂಚಿಕೊಂಡು ಉಂಡ ಜೀವದ ಗೆಳೆಯ, ಡಬ್ಬಿ ತೆರೆದವನು ಗಪ್ಪನೆ ಮುಚ್ಚಿಬಿಟ್ಟ.

"ಯಾಕೋ ಫೈಜಲ?"

"ನೀವು ಮಾಳ ಹಾಕೀರಿ. ನಿಮ್ಮ ಮುಂದ ಕೂತು ತಿಂದ್ರ ನನಗ ಗುನಾಹ್, ಪಾಪ ಹತ್ತತದ ಭಾಯಿ," ಎಂದು ಡಬ್ಬಿ ಎತ್ತಿಕೊಂಡು ಲ್ಯಾಬಿಗೆ ಹೋದ. ವಾಸನೆ ಮಾತ್ರ ಸ್ಟಾಫ್ ರೂಮಿನಲ್ಲೇ ಉಳಿಯಿತು.

ಹೀಗಿರುವಾಗ ವಿಶ್ವವಿದ್ಯಾಲಯದಿಂದ ಸಂದೇಶ ಬಂತು: ಬರುವ ಭಾನುವಾರ ಮಧ್ಯಾಹ್ನ ಮೊಬೈಲಿನಲ್ಲೇ ಸಂದರ್ಶನ. ಅದೇ ಭಾನುವಾರ ಫೈಜಲನ ಮನೆಯ ಕಂದೂರಿ! ಅವನ ತಾಯಿಯ ಆಪರೇಷನ್ ಸುರಳೀತ ಆದದ್ದಕ್ಕೆ ಹೊತ್ತ ಹರಕೆ. ಬಸವಕಲ್ಯಾಣದ ದಾರಿಯಲ್ಲಿ, ಹೊಲದ ನಡುವಿನ ಒಂದು ದರ್ಗಾದಲ್ಲಿ.

"ನೀವು ಬರ್ಲಿಲ್ಲಂದ್ರ ನಮ್ಮ ಅಮ್ಮಿ ತುತ್ತು ಎತ್ತಂಗಿಲ್ಲ. ನಿಮ್ಮ ಸಲುವಾಗಿ ಬ್ಯಾರೆ ಒಲಿ, ಬ್ಯಾರೆ ಪಾತ್ರಿ. ದಾಲ್ ಚಾವಲ್ ಮಾಡಸೀನಿ," ಎಂದ ಫೈಜಲ.

ದಾಲ್ ಚಾವಲ್! ಕಂದೂರಿಯಲ್ಲಿ!

ಮುಂಜಾನೆ ಹೋಗಿ ಮುಖ ತೋರಿಸಿ ಸಂದರ್ಶನದ ಹೊತ್ತಿಗೆ ಮನೆ ಸೇರುವುದು ಎಂದು ಗಂಡ-ಹೆಂಡತಿ ಮಂದಿಯ ಜೊತೆ ಟೆಂಪೋ ಹತ್ತಿದರು. ಆದರೆ ಹೊರಡುವ ಹೊತ್ತಿಗೆ ಟೆಂಪೋ ಡ್ರೈವರ್ ಪಂಕ್ತಿಯಲ್ಲಿ ಕೂತಿದ್ದ. ಕಂದೂರಿ ಊಟಕ್ಕೆ ಕೂತವನನ್ನು ಎಬ್ಬಿಸುವ ಪಾಪಿ ಈ ಸೀಮೆಯಲ್ಲಿ ಹುಟ್ಟಿಲ್ಲ. ಮಾಸ್ತರರು ದಿಕ್ಕು ಕಾಣದೆ ಬೇವಿನ ಮರದ ಕೆಳಗೆ ಕೂತು, ಅಕ್ಕಿಯ ಚೀಲಕ್ಕೆ ಮೊಬೈಲು ಆನಿಸಿ, ಅಂಗಿಯ ಗುಂಡಿ ಹಾಕಿಕೊಂಡರು. ಪರದೆಯ ಮೇಲೆ ಮೂವರು ಪ್ರೊಫೆಸರರು ಮೂಡಿದರು. ನಡುವೆ ಕೂತ ಮೇಡಂ ನಮಸ್ಕಾರ ಹೇಳಿ ಕೇಳಿದರು.

"ಧರ್ಮವನ್ನು ನೀವು ಹೇಗೆ ವ್ಯಾಖ್ಯಾನಿಸುತ್ತೀರಿ?"

ವಾರಗಟ್ಟಲೆ ಬಾಯಿಪಾಠ ಮಾಡಿದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಧರ್ಮವೆಂದರೆ ಮಾನವನ..." ಎನ್ನುವಷ್ಟರಲ್ಲಿ ಹಿಂದೆ ಯಾರೋ ಹಂಡೆಯ ಮುಚ್ಚಳ ಸರಿಸಿದರು. ಗಾಳಿ ಇತ್ತಲೇ ಬೀಸಿತು. ಮಾಸ್ತರರ ಕಣ್ಣುಗಳು ತಾವಾಗಿಯೇ ಮುಚ್ಚಿದವು. ಮಾನವನ ಮುಂದೆ ಏನಿತ್ತೆಂಬುದೇ ಮರೆತು ಹೋಯಿತು!

"ಹಲೋ? ನಿಮ್ಮ ಹಿಂದೆ ಏನದು ಹೊಗೆ?"

"ಕಂದೂರಿರಿ ಮೇಡಂ."

"ಹಾಗೆಂದರೆ?"

ಕೇಳಬಾರದಿತ್ತು. ಹಸಿದ ಮನುಷ್ಯನಿಗೆ ಆ ಪ್ರಶ್ನೆ ಕೇಳಲೇಬಾರದಿತ್ತು. ಕಟ್ಟೆ ಒಡೆಯಿತು ನೋಡಿ! ಹರಕೆಯ ಹೋತವನ್ನು ಹೇಗೆ ಮನೆಮಗನ ಹಾಗೆ ಸಾಕುತ್ತಾರೆ, ಫಾತೆಹಾ ಪ್ರಾರ್ಥನೆ ಓದುವತನಕ ಅಡುಗೆಯವನೂ ಉಪ್ಪು ನೋಡುವಂತಿಲ್ಲ, ಆದರೂ ಉಪ್ಪು ಹೇಗೆ ಬರೋಬ್ಬರಿ ಬಿದ್ದಿರುತ್ತದೆ, ಪಂಕ್ತಿಯಲ್ಲಿ ಗೌಡನೂ ಕೂಲಿಯವನೂ ಹೇಗೆ ತೊಡೆಗೆ ತೊಡೆ ಹಚ್ಚಿ ಕೂರುತ್ತಾರೆ, ಜೋಳದ ರೊಟ್ಟಿಯನ್ನು ಸಾರಿನಲ್ಲಿ ಮುರಿದು ಹಾಕಿ ಅದು ನೆನೆಯುವತನಕ ಕಾಯುವ ಆ ಒಂದು ಗಳಿಗೆ... ಮಾಸ್ತರರ ಕಣ್ಣಂಚು ಒದ್ದೆಯಾಯಿತು. ಪ್ರೊಫೆಸರರು ಬರೆದುಕೊಳ್ಳುತ್ತಲೇ ಇದ್ದರು.

"ನೀವು ಊಟ ಮಾಡಿದಿರಾ?" ಎಂದು ಕೇಳಿದರು ಮೇಡಂ.

"ಇಲ್ರಿ. ಮಾಳ ಹಾಕೀನಿ," ಎಂದು ಮಾಸ್ತರರು ಮಾಲೆ ಎತ್ತಿ ತೋರಿಸಿದರು.

"ಇಷ್ಟು ಪ್ರೀತಿ ಇಟ್ಟುಕೊಂಡು ಮಾಲೆ ಯಾಕೆ ಹಾಕಿದಿರಿ?"

"ನಿಮ್ಮ ಸಲುವಾಗಿರಿ!" ಮಾಸ್ತರರಿಗೆ ತಡೆಯಲಾಗಲಿಲ್ಲ. "ಏನ್ ತ್ಯಾಗ ಮಾಡೀರಿ ಅಂತ ನೀವ ಕೇಳಿದ್ರಿ. ಅದಕ್ಕ ಹಾಕ್ಕೊಂಡೆ. ಈಗ ಇಲ್ಲಿ ಕೂತೀನಿ, ಅಲ್ಲಿ ಹಂಡೆ ಅದ. ಏನ್ ಮಾಡ್ಲಿ ಹೇಳ್ರಿ!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸರಿ, ತಿಳಿಸುತ್ತೇವೆ," ಎಂದರು. ಪರದೆ ಕಪ್ಪಾಯಿತು.

ಉಜ್ವಲಾ ಊಟ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಹ್ಯಾಂಗಾತು?"

"ಖಲಾಸ್. ನಾನ ಹೇಳಬಾರದ್ದು ಹೇಳಿ ಬಂದೀನಿ. ಎಂ.ಎ. ಹೋತು. ಇನ್ನ ಈ ಮಾಳ ಯಾರ ಸಲುವಾಗಿ? ಇಲ್ಲೇ ತಗದು ಪಂಕ್ತಿಗೆ ಕೂಡ್ತೀನಿ," ಎಂದು ಮಾಸ್ತರರು ಕೊರಳಿಗೆ ಕೈ ಹಾಕಿದರು.

"ಕದ್ದು ಯಾಕ ತಗೀತೀರಿ? ಮನಿಗೆ ಹೋಗಿ ಅತ್ತಿ ಮುಂದ ತಗೀರಿ," ಎಂದಳು ಉಜ್ವಲಾ. ಮಾಸ್ತರರು ಕೊರಳಿನಿಂದ ಕೈ ತೆಗೆದು, ದಾಲ್ ಚಾವಲ್ ಉಂಡು ಟೆಂಪೋ ಹತ್ತಿದರು.

ಮನೆ ಮುಟ್ಟಿದಾಗ ಸುಂದರಬಾಯಿ ಕಟ್ಟೆಯ ಮೇಲೆ ಪಕ್ಕದ ಮನೆಯ ಧೂಳಮ್ಮನ ಜೊತೆ ಕೂತಿದ್ದಳು. ಮಗನನ್ನು ನೋಡಿದವಳೇ ಧ್ವನಿ ಏರಿಸಿದಳು. "ನೋಡು ಧೂಳಮ್ಮ, ಕಂದೂರಿಗೆ ಹೋಗಿ ದಾಲ್ ಚಾವಲ್ ಉಂಡು ಬಂದಾನ ನನ್ನ ಮಗಾ! ಇವನ ಕೈ ಹಿಡಕೊಂಡು ಈ ಸಲ ನಾ ಪಂಢರಪುರಕ್ಕ ನಡಕೊಂತ ಹೋಗಾಕಿ." ಧೂಳಮ್ಮ ಎದ್ದು ಬಂದು ಮಾಸ್ತರರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕೊರಳಿನ ಕಡೆ ಹೊರಟಿದ್ದ ಮಾಸ್ತರರ ಕೈ ತಲೆ ಕೆರೆದುಕೊಂಡು ಕೆಳಗೆ ಬಂತು. ತಾಯಿಯ ಮುಖದಲ್ಲಿ ಅಂಥ ಖುಷಿಯನ್ನು ಅವರು ತಮ್ಮ ಮದುವೆಯ ದಿನವೂ ಕಂಡಿರಲಿಲ್ಲ. ಹೋಗಲಿ, ಎಂ.ಎ.ಯೂ ಬೇಡ, ಮಟನ್ನೂ ಬೇಡ ಎಂದುಕೊಂಡು ಆ ದಿನ ಖರೇನೇ ಎರಡನ್ನೂ ಬಿಟ್ಟರು.

ಮುಂದಿನ ವಾರ ಶಾಲೆಯಿಂದ ಬಂದು ಚಪ್ಪಲಿ ಕಳಚುತ್ತಿರುವಾಗ ಮೊಬೈಲು ಸದ್ದು ಮಾಡಿತು. ವಿಶ್ವವಿದ್ಯಾಲಯದ ಸಂದೇಶ. ಮಾಸ್ತರರು ಓದಿದರು, ಕಣ್ಣು ಉಜ್ಜಿಕೊಂಡು ಮತ್ತೊಮ್ಮೆ ಓದಿದರು, "ಉಜ್ವಲಾ! ಸೀಟ್ ಸಿಕ್ಕಿತು!" ಎಂದು ಓಣಿಗೆಲ್ಲ ಕೇಳುವಂತೆ ಚೀರಿದರು.

"ಜೋರಾಗಿ ಓದ್ರಿ, ನಾನೂ ಕೇಳ್ತೀನಿ."

ಮಾಸ್ತರರು ಎದೆ ಸೆಟೆಸಿ ಓದತೊಡಗಿದರು. "'ತಮ್ಮನ್ನು ಸಂತೋಷದಿಂದ ಆಯ್ಕೆ ಮಾಡಲಾಗಿದೆ. ಹುಮನಾಬಾದ ಮತ್ತು ಬಸವಕಲ್ಯಾಣ ತಾಲ್ಲೂಕುಗಳ ಕಂದೂರಿ ಊಟಗಳೇ ತಮ್ಮ ಅಧ್ಯಯನದ ವಿಷಯ. ತಾವು ಪ್ರತಿಯೊಂದು ಕಂದೂರಿಗೂ ಖುದ್ದಾಗಿ ಹಾಜರಿರತಕ್ಕದ್ದು...'" ಮಾಸ್ತರರ ಮುಖ ಅರಳಿತು. "'ಊಟದ ಆಸೆ ಇದ್ದೂ ಊಟದಿಂದ ದೂರ ಉಳಿಯಬಲ್ಲ ಸಂಶೋಧಕರು ಸಿಗುವುದು ಬಹಳ ಅಪರೂಪ. ಈ ಗುಣವೇ ತಮ್ಮ ಆಯ್ಕೆಗೆ ಮುಖ್ಯ ಕಾರಣ. ಆದ್ದರಿಂದ ಅಧ್ಯಯನ ಮುಗಿಯುವವರೆಗೆ ದಯವಿಟ್ಟು ಮಾಲೆಯನ್ನು... ತೆಗೆಯಬಾರದು.'"

ಧ್ವನಿ ಅಲ್ಲಿಗೆ ಕುಸಿಯಿತು. ಮುಂದಿನ ಸಾಲನ್ನು ಅವರು ಹೇಗೋ ಪೂರ್ತಿ ಮಾಡಿದರು. "'ಪ್ರಬಂಧದಲ್ಲಿ ರುಚಿಯನ್ನು ಕುರಿತ ಅಧ್ಯಾಯ ಕಡ್ಡಾಯ.'"

ಪಡಸಾಲೆಯಲ್ಲಿ ಕುರ್ಚಿ ಹುಡುಕಿ ಮಾಸ್ತರರು ಕೂತುಬಿಟ್ಟರು. "ಉಜ್ವಲಾ, ತಿನ್ನಲಾರದ ರುಚಿ ಹ್ಯಾಂಗ ಬರೀಲಿ?"

ಉಜ್ವಲಾ ಒಳಗೆ ಹೋಗಿ ಒಂದು ಪೆನ್ನು ತಂದು ಗಂಡನ ಕೈಗಿಟ್ಟಳು.

"ಫಿಕರ್ ಮಾಡಬ್ಯಾಡ್ರಿ. ಎಲ್ಲಾ ಕಂದೂರಿಗೂ ನಾ ಜೋಡಿ ಬರ್ತೀನಿ. ನಾ ಉಣ್ಕೋತ ಹೇಳ್ತೀನಿ, ನೀವು ಬರ್ಕೋತ ಹೋಗ್ರಿ!"